ನುಂಗದ ಗುಳಿಗೆಗಳು

ಲೋಕಾಪುರ
2 ಸೆಪ್ಟೆಂಬರ್ 2024

ವೈಶಾಲಿ,

ನನ್ನ ಫೋನು ನಿನಗೆ ತಲುಪದಂತೆ ಮಾಡಿದ್ದೀಯ ಎಂದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು. ತಿಳಿದ ಮೇಲೂ ಸುಮ್ಮನಿರಲಾಗದೆ ನಿನ್ನೆ ಭಾನುವಾರ ಬಸ್ಸು ಹತ್ತಿ ಬನಹಟ್ಟಿಗೆ ಬಂದೆ. ನಿನ್ನ ಗಂಡ ಹೇಳಿರಬಹುದು, ಹೇಳದೆಯೂ ಇರಬಹುದು. ಚಿದಾನಂದ ಬಾಗಿಲಲ್ಲೇ ನಿಂತು ದನಿ ತಗ್ಗಿಸಿ, "ಈಗ ಬ್ಯಾಡ್ರಿ ಅಕ್ಕಾರ. ನಿಮ್ಮ ದನಿ ಕೇಳಿದ್ರ ಭಾಗಿ ಮತ್ತ ಬಚ್ಚಲಕ್ಕ ಹೊಕ್ಕಾಳ" ಎಂದ. ಒಳಗೆ ನೀರಿನ ಸದ್ದು ಕೇಳುತ್ತಿತ್ತು. ತಂದಿದ್ದ ಪೇರಲ ಹಣ್ಣಿನ ಚೀಲ ಅವನ ಕೈಗೆ ಕೊಡುವುದನ್ನೂ ಮರೆತು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ.

ನಿನ್ನ ಮಗಳು ಭಾಗಿಯ ಕೈ ಸುಟ್ಟಿದ್ದಕ್ಕೆ ನಾನೇ ಕಾರಣ ಎಂದು ನೀನು ತಿಳಿದಿದ್ದೀಯ. ಕೆಲವು ದಿನ ನಾನು ಅವಳಿಗೆ ಗುಳಿಗೆ ಕೊಡಲಿಲ್ಲ, ನಿಜ. ಆದರೆ ಏಕೆ ಎಂದು ನೀನು ಒಮ್ಮೆಯಾದರೂ ಕೇಳಬೇಕಿತ್ತು.

ಏಪ್ರಿಲ್ ರಜೆಗೆ ಭಾಗ್ಯಶ್ರೀಯನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗುವಾಗ ಗುಳಿಗೆಯ ಪಟ್ಟಿಗಳನ್ನು ಕೊಟ್ಟೆಯಲ್ಲ, ಏನಂದೆ? "ಶಕ್ತಿ ಗುಳಿಗಿ ಅಕ್ಕಾ, ಮುಂಜಾನೆ ಒಂದು." ನಾನು ನಂಬಿದೆ. ಎರಡು ದಿನ ಕೊಟ್ಟೆ. ಹುಡುಗಿ ಹನ್ನೊಂದು ಗಂಟೆಗೇ ಆಕಳಿಸುವುದನ್ನು ನೋಡಿ ಅನುಮಾನವಾಗಿ ಔಷಧದ ಅಂಗಡಿಯಲ್ಲಿ ಪಟ್ಟಿ ತೋರಿಸಿದೆ. ಅಂಗಡಿಯವನು ನನ್ನ ಮುಖ ನೋಡಿ, "ಇದು ತಲಿ ಗುಳಿಗಿ ರೀ ಟೀಚರ್, ಮಾನಸಿಕದ್ದು. ಯಾರಿಗ್ರಿ?" ಎಂದ. ಹನ್ನೆರಡು ವರ್ಷದ ಮಗುವಿಗೆ!

ಹುನ್ನೂರಿನ ತವರುಮನೆಯಲ್ಲಿದ್ದ ಕಾಶಪ್ಪ ಕಾಕಾ ನಿನಗೆ ನೆನಪಿರಲಿಕ್ಕಿಲ್ಲ. ನೀನು ಆಗ ಮೂರು ವರ್ಷದವಳು, ನನಗೆ ಹನ್ನೊಂದು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಓಡುತ್ತಿದ್ದವನು, ಆಸ್ಪತ್ರೆಯಿಂದ ಬಂದ ಮೇಲೆ ಕಟ್ಟೆಯ ಮೇಲೆ ಕೂತರೆ ಕೂತೇ ಇರುತ್ತಿದ್ದ. ಜೊಲ್ಲು ಸುರಿದರೂ ಒರೆಸಿಕೊಳ್ಳುತ್ತಿರಲಿಲ್ಲ. "ಗುಳಿಗಿ ತಿಂದು ಹಿಂಗಾತು" ಎಂದು ಅವ್ವ ಸೆರಗಿನಿಂದ ಅವನ ಬಾಯಿ ಒರೆಸುತ್ತಿದ್ದಳು. ಅಂಗಡಿಯ ಮೆಟ್ಟಿಲಿಳಿಯುವಾಗ ನನಗೆ ಕಂಡದ್ದು ಆ ಕಟ್ಟೆ, ಆ ಕಟ್ಟೆಯ ಮೇಲೆ ನಮ್ಮ ಭಾಗಿ.

ಇಷ್ಟು ಹೇಳಬೇಕಿತ್ತು. ಅವಳ ಕೈ ಈಗ ಹೇಗಿದೆ ಎಂಬ ಒಂದೇ ಸಾಲು ಬರೆದರೂ ಸಾಕು.

ನಿನ್ನ ಅಕ್ಕ
ರಾಜಶ್ರೀ


ಬನಹಟ್ಟಿ
23 ಸೆಪ್ಟೆಂಬರ್ 2024

ಅಕ್ಕಾ,

ಬಲಗೈ ಮಾಗಿದೆ. ಎಡಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಸಾಲಿಗೆ ಹೋಗುತ್ತಿಲ್ಲ.

ನಿನ್ನ ಪತ್ರ ಓದಿ ಹರಿದು ಹಾಕಬೇಕೆಂದಿದ್ದೆ. ಹರಿಯಲಿಲ್ಲ, ಡಾಕ್ಟರಿಗೆ ತೋರಿಸಬೇಕಿತ್ತು. ನಾವು ಜಮಖಂಡಿಯಲ್ಲಿ ರೇಷ್ಮಾ ಬಾಯಾರು ಎಂಬ ಮಕ್ಕಳ ಮನೋವೈದ್ಯರಿಗೆ ತೋರಿಸುತ್ತಿದ್ದೇವೆ. ಅವರು ನಿನ್ನಿಂದ ತಿಳಿಯಬೇಕಾದದ್ದು ಒಂದೇ. ಗುಳಿಗೆ ಯಾವ ತಾರೀಖಿನಿಂದ ನಿಂತಿತು? "ಕೆಲವು ದಿನ" ಎಂದು ಬರೆದಿದ್ದೀಯ. ಎಷ್ಟು ದಿನ? ಭಾಗಿಗೆ ಸರಿಯಾಗಿ ಹೇಳಲು ಬರುತ್ತಿಲ್ಲ, ಕೇಳಿದರೆ ಅಳುತ್ತಾಳೆ. ಮುಂದಿನ ಔಷಧವನ್ನು ಅದರ ಮೇಲೆ ನಿರ್ಧರಿಸಬೇಕಂತೆ.

ತಾರೀಖು ಬರೆದು ಕಳಿಸು. ಬೇರೆ ಏನೂ ಬರೆಯಬೇಡ.

ವೈಶಾಲಿ


ಲೋಕಾಪುರ
27 ಸೆಪ್ಟೆಂಬರ್ 2024

ವೈಶಾಲಿ,

ಏಪ್ರಿಲ್ 17.

ಬೇರೆ ಏನೂ ಬರೆಯಬೇಡ ಎಂದಿದ್ದೀಯ. ಆದರೆ ಈ ತಾರೀಖು ಒಂದನ್ನೇ ಕಳಿಸಿದರೆ ಮತ್ತೊಂದು ಸುಳ್ಳು ಹೇಳಿದಂತಾಗುತ್ತದೆ. ಮೊದಲ ಪತ್ರದಲ್ಲಿ ನಾನು ಅರ್ಧ ನುಂಗಿಕೊಂಡು ಬರೆದಿದ್ದೆ. ಡಾಕ್ಟರಿಗೆ ಇದನ್ನೂ ತೋರಿಸು.

ಏಪ್ರಿಲ್ 17ರ ಬೆಳಿಗ್ಗೆ ಪಟ್ಟಿಗಳನ್ನು ಕಸದ ಬುಟ್ಟಿಗೆ ಹಾಕಿ ಭಾಗಿಯನ್ನು ಹತ್ತಿರ ಕೂರಿಸಿಕೊಂಡೆ. "ನಿನಗೇನೂ ಆಗಿಲ್ಲ ಕೂಸ. ಕೈ ತೊಳಿಯೋದು ಒಂದು ರೂಢಿ, ಅಷ್ಟ. ನೀ ಹುಚ್ಚಿ ಅಲ್ಲ" ಎಂದೆ. ಅವಳು, "ನಾ ಹುಚ್ಚಿ ಅಂತ ಯಾರು ಅಂದ್ರು ದೊಡ್ಡವ್ವಾ?" ಎಂದು ಕೇಳಿದಳು. ಅವಳಿಗೆ ಆ ಮಾತು ಅಲ್ಲಿಯತನಕ ಹೊಳೆದೇ ಇರಲಿಲ್ಲ, ವೈಶಾಲಿ. ಆ ಶಬ್ದವನ್ನು ಅವಳ ತಲೆಯೊಳಗೆ ಇಟ್ಟವಳು ನಾನು.

ಮೊದಲ ವಾರ ತಲೆ ತಿರುಗುತ್ತದೆ ಎಂದು ಮಲಗುತ್ತಿದ್ದಳು. ಬಿಸಿಲು ಎಂದುಕೊಂಡೆ. ಆಮೇಲೆ ಚುರುಕಾದಳು. ಮೇ ತಿಂಗಳಲ್ಲಿ ಹುನ್ನೂರಿಗೆ ಹೋದಾಗ ಅವಳನ್ನು ಚಿಕ್ಕಪಡಸಲಗಿಗೆ ಕರೆದುಕೊಂಡು ಹೋದೆ. ಬ್ಯಾರೇಜಿನ ಕೆಳಗೆ ಹೊಳೆಯ ದಂಡೆಯಲ್ಲಿ ಕೂತು ಮೊಣಕೈತನಕ ರಾಡಿಯಲ್ಲಿ ಕೈಯಾಡಿಸಿದಳು, ನಕ್ಕಳು, ಆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅದೇ ಕೈಯಲ್ಲಿ ಶೇಂಗಾ ತಿಂದಳು. ಗುಳಿಗೆ ಇಲ್ಲದೆ ಇಪ್ಪತ್ತೆಂಟು ದಿನ! ನಾನು ಗೆದ್ದೆ ಅಂದುಕೊಂಡೆ. ನೀನೂ ನಿನ್ನ ಡಾಕ್ಟರೂ ಸೋತಿರಿ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ನನ್ನಿಂದ ಮುಚ್ಚಿಟ್ಟೆಯಲ್ಲ ಎಂಬ ಸಿಟ್ಟು ಅದರೊಳಗಿತ್ತು.

ಇನ್ನು ಮುಚ್ಚಿಟ್ಟಿದ್ದ ಮಾತು. ಮೇ 26ಕ್ಕೆ ಅವಳನ್ನು ಬನಹಟ್ಟಿಗೆ ಕಳಿಸುವ ಮುಂಚೆ ನಾನೇ ಅವಳಿಗೆ ಕಲಿಸಿದೆ. "ಅವ್ವ ಗುಳಿಗಿ ಕೊಟ್ರ ಬಾಯಾಗ ಇಟಗೋ, ನೀರು ಕುಡಿ, ಹಿತ್ತಲಕ್ಕ ಹೋಗಿ ಉಗುಳು. ಅವ್ವಗ ಹೇಳಬ್ಯಾಡ. ಸಮಯ ನೋಡಿ ನಾನ ಹೇಳತೇನಿ." ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿದ ಬಾಯಿ ಇದು.

ಮತ್ತೆ ಜುಲೈ ಎಂಟರ ಸಂಜೆ. ನೀನು ಫೋನು ಮಾಡಿ, "ಅಕ್ಕಾ, ಗುಳಿಗಿ ಕೆಲಸಾನ ಮಾಡವಲ್ದು. ಅಕಿ ತಾಸಗಟ್ಟಲೆ ಕೈ ತೊಳಿಯಾಕತ್ತಾಳ. ಡಾಕ್ಟರು ಎರಡ ಪಟ್ಟ ಬರದಾರ" ಎಂದು ಅತ್ತೆ. ಆಗ ಹೇಳಬಹುದಿತ್ತು. ಎರಡು ಪಟ್ಟಲ್ಲ, ಒಂದು ಪಟ್ಟೂ ಅವಳ ಹೊಟ್ಟೆಗೆ ಹೋಗುತ್ತಿಲ್ಲ ಎಂದು ಒಂದೇ ಮಾತು. ನಾನು ಹೇಳಿದ್ದು, "ಸಾಲಿ ಒಜ್ಜಿ ಆಗಿರಬೇಕು, ಕಡಿಮಿ ಆಗತೈತಿ ಬಿಡು." ಫೋನು ಇಟ್ಟ ಮೇಲೆ, ಮತ್ತೆ ಮಾಡಿ ಹೇಳೋಣ ಎಂದು ಎರಡು ಸಲ ಅದನ್ನು ಕೈಗೆತ್ತಿಕೊಂಡೆ. ನಿನ್ನ ಮುಂದೆ ಸಣ್ಣವಳಾಗುತ್ತೇನೆ ಎಂಬ ನಾಚಿಕೆ ಬಿಡಲಿಲ್ಲ.

ಏಪ್ರಿಲ್ 17ರಿಂದ ಆಗಸ್ಟ್ 9ರ ಪಂಚಮಿಯ ತನಕ. ಎಲ್ಲ ಸೇರಿ ನೂರ ಹದಿನೈದು ದಿನ.

ರಾಜಶ್ರೀ


ಬನಹಟ್ಟಿ
12 ಜನವರಿ 2025

ಅಕ್ಕಾ,

ನಿನ್ನ ಪತ್ರ ಬಂದು ಮೂರೂವರೆ ತಿಂಗಳಾಯಿತು. ಅದನ್ನು ಡಾಕ್ಟರಿಗೆ ತೋರಿಸಿದೆ. ಓದಿ ಮಡಚಿ ಕೊಟ್ಟರು. "ಇದನ್ನ ಬರಿಯೋದು ಸುಲಭ ಇರಲಿಲ್ಲ" ಎಂದಷ್ಟೇ ಅಂದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಪಂಚಮಿಯ ದಿನ ಏನಾಯಿತು ಎಂದು ನಿನಗೆ ಯಾರೂ ಹೇಳಿಲ್ಲ. ಹೇಳುತ್ತೇನೆ. ನನ್ನ ಅತ್ತೆ ಭಾಗವ್ವ ನಾಗಪ್ಪನಿಗೆ ಹಾಲೆರೆಯಲು ಎಲ್ಲರನ್ನೂ ಕೂರಿಸಿದ್ದರು. ದೇವರ ಪಾಲು, ಅಪ್ಪನ ಪಾಲು ಎಂದು ಎರೆದಾಯಿತು. "ಅವ್ವನ ಪಾಲು ಹಾಕವಾ" ಎಂದು ಭಾಗಿಯ ಕೈಗೆ ಬಟ್ಟಲು ಕೊಟ್ಟರೆ ಅವಳು ಹಿಡಿಯಲಿಲ್ಲ. ಮೈಲಿಗೆಯ ಕೈಯಿಂದ ಎರೆದರೆ ಅವ್ವ ಸಾಯುತ್ತಾಳೆ ಎಂದು ಅವಳ ಮನಸ್ಸು ಹೇಳುತ್ತಿತ್ತಂತೆ. ಅವ್ವನಿಗೆ ದಿನಾ ಸುಳ್ಳು ಹೇಳಿದ ಬಾಯಿ, ಉಗುಳಿದ ಗುಳಿಗೆಯನ್ನು ದಿನಾ ಎಸೆದ ಕೈ. ತೊಳೆದು ಬರುತ್ತೇನೆ ಎಂದು ಎದ್ದಳು. ನಮ್ಮ ಪಕ್ಕದಲ್ಲಿ ನೂಲಿಗೆ ಬಣ್ಣ ಹಾಕುವ ಶೆಡ್ಡು ಇದೆಯಲ್ಲ, ಹಬ್ಬಕ್ಕೆ ಮುಚ್ಚಿತ್ತು. ಹಿಂದಿನಿಂದ ಹೋಗಿ ಅಲ್ಲಿದ್ದ ಬ್ಲೀಚಿಂಗ್ ಪುಡಿಯನ್ನು ಎರಡೂ ಕೈಗೆ ಹಚ್ಚಿ ಉಜ್ಜಿದ್ದಾಳೆ. ಜೋಕಾಲಿ ಆಡುತ್ತಿದ್ದ ಹುಡುಗಿಯರ ಗದ್ದಲದಲ್ಲಿ ಅವಳ ಅಳು ನಮಗೆ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿದ ಮೇಲೆ ಹೇಳಿದಳು: "ಅವ್ವಾ, ನಾ ಗುಳಿಗಿ ನುಂಗಿಲ್ಲ. ದೊಡ್ಡವ್ವ ಬ್ಯಾಡ ಅಂದಿದ್ಲು." ಹೇಳಿ, ನಾನು ಸತ್ತೆನೋ ಇಲ್ಲವೋ ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದಳು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯುತ್ತಿಲ್ಲ. ಆದರೆ ಹೋದ ಮಂಗಳವಾರ ಒಂದು ಮಾತು ನಡೆಯಿತು. ಅದನ್ನು ನಿನಗೆ ಹೇಳದಿದ್ದರೆ ನಾನೂ ನಿನ್ನ ಹಾಗೇ ಆಗುತ್ತೇನೆ.

ಜಮಖಂಡಿಯಲ್ಲಿ ರೇಷ್ಮಾ ಬಾಯಾರು ಕೆಲವು ಮಂಗಳವಾರ ಮಧ್ಯಾಹ್ನ ತಾಯಿತಂದೆಯರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಯಾರು ಏನು ಬೇಕಾದರೂ ಕೇಳಬಹುದು. ಬೀಳಗಿ ಕಡೆಯ ದುರಗೇಶ ಎಂಬುವರು, ಅವರ ಮಗಳಿಗೂ ಗುಳಿಗೆ ಶುರುವಾಗಿದೆ, "ಇದು ಚಟಾ ಆಗತೈತೇನ್ರಿ ಬಾಯಾರ?" ಎಂದು ಕೇಳಿದರು.

"ಈ ಗುಳಿಗಿ ಚಟಾ ಆಗಂಗಿಲ್ರಿ. ಖರೆ, ಒಮ್ಮೆಲೇ ಬಿಟ್ರ ತ್ರಾಸ ಆಗತೈತಿ. ಬಿಡಿಸೋ ಹೊತ್ತು ಬಂದಾಗ ಸಾವಕಾಶ ಇಳಸೋಣು, ಕೂಡೇ ಇಳಸೋಣು."

"ಹುಡುಗಿ ಮಂಕ ಆದ್ರ?"

"ನಂಗ ಹೇಳ್ರಿ. ಹೆಚ್ಚಾಗೇತೇನು, ಹೊತ್ತು ಬದಲ ಮಾಡಬೇಕೇನು, ಬ್ಯಾರೆ ಬೇಕೇನು ನೋಡತೇನಿ. ಮೊದಲ ಮೊದಲ ಸಿಟ್ಟು, ಚಡಪಡಿಕಿ ಕಂಡ್ರೂ ಹೇಳ್ರಿ. ಒಗಿಯೋಕಿಂತ ಮೊದಲ ಒಂದ ಫೋನ್ ಹಚ್ಚರಿ, ಅಷ್ಟ."

ಹೊಳೆಯ ರಾಡಿಯಲ್ಲಿ ಭಾಗಿ ಆಡಿದ್ದರ ಬಗ್ಗೆ ನಾನು ಕೇಳಿದೆ. ಗುಳಿಗೆ ಇಲ್ಲದೆಯೂ ಅಷ್ಟು ದಿನ ಹೇಗೆ ಚೆನ್ನಾಗಿದ್ದಳು ಎಂದು. ರಜೆಗೂ ಮುಂಚೆ ಐದು ತಿಂಗಳು ನುಂಗಿದ್ದರ ಗುಣ ಒಮ್ಮೆಗೇ ಹೋಗುವುದಿಲ್ಲವಂತೆ. ವಾರಗಟ್ಟಲೆ ಉಳಿದು ಆಮೇಲೆ ಇಳಿಯುತ್ತದಂತೆ. ಹತ್ತುವಾಗಲೂ ಹಾಗೇ, ವಾರಗಟ್ಟಲೆ ಬೇಕು. ಅವಳದು ಗೀಳು ಕಾಯಿಲೆ, ಕಾಶಪ್ಪ ಕಾಕಾನದು ಬೇರೆ ಕಾಯಿಲೆ ಇದ್ದಿರಬೇಕು, ಆ ಕಾಲದ ಔಷಧವೂ ಬೇರೆ ಎಂದರು. ನೀನು ನೋಡಿದ್ದು ಸುಳ್ಳಲ್ಲ, ಆದರೆ ಅದು ಇದಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ನೀವು ಅಕಿಗೆ ಏನಂತ ಹೇಳಿ ಗುಳಿಗಿ ಕೊಡತಿದ್ರಿ?" ಎಂದರು.

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಶಕ್ತಿ ಗುಳಿಗಿ ಅಂತ" ಎಂದೆ. ಅವರು ಬಯ್ಯಲಿಲ್ಲ. "ಅಕಿಗೆ ತನ್ನ ಕಾಯಿಲೆ ಹೆಸರು ಗೊತ್ತಿರಲಿಲ್ಲ, ಗುಳಿಗಿ ಯಾಕಂತ ಗೊತ್ತಿರಲಿಲ್ಲ. ಹಿರಿಯಾರ ಒಬ್ರು ಬ್ಯಾಡ ಅಂದ್ರ ಅಕಿ ಯಾಕ ನುಂಗಬೇಕು ಹೇಳ್ರಿ?" ಎಂದರು.

ಅಕ್ಕಾ, ನಾನು ನಿನಗೂ ಸುಳ್ಳು ಹೇಳಿದೆ, ಅವಳಿಗೂ ಹೇಳಿದೆ. ಅತ್ತೆಗೆ ಗೊತ್ತಾದರೆ ಓಣಿಗೆಲ್ಲ ಗೊತ್ತಾಗುತ್ತದೆ, ನಾಳೆ ಅವಳ ಲಗ್ನದ ಮಾತು ಬಂದಾಗ ಯಾರಾದರೂ ಎತ್ತುತ್ತಾರೆ ಎಂದು ಅಂಜಿದ್ದೆ. ಖರೆ ಹೇಳಿ ಬಿಟ್ಟು ಹೋಗಿದ್ದರೆ ನೀನು ಜಗಳ ತೆಗೆಯುತ್ತಿದ್ದೆ. ಮೂರು ದಿನ ಜಗಳವಾಡುತ್ತಿದ್ದೆವು. ಅಷ್ಟೇ ಆಗುತ್ತಿತ್ತು.

ಇದನ್ನು ಹೇಳಿದ್ದರಿಂದ ನಿನ್ನದು ಕಡಿಮೆಯಾಗುವುದಿಲ್ಲ. ನನ್ನದನ್ನೂ ಹೇಳಿದೆ, ಅಷ್ಟೇ.

ವೈಶಾಲಿ


ಲೋಕಾಪುರ
8 ಮಾರ್ಚ್ 2025

ವೈಶಾಲಿ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಪ್ರತಿ ಸಲ ನನ್ನ ಪರವಾಗಿಯೇ ಒಂದು ಸಾಲು ನುಸುಳಿಬಿಡುತ್ತಿತ್ತು. ಹರಿದೆ.

ನಡೆದದ್ದೊಂದನ್ನು ಹೇಳುತ್ತೇನೆ. ನನ್ನ ಸಾಲಿಯಲ್ಲಿ ಐದನೆಯ ಇಯತ್ತೆಯ ಹುಡುಗಿಯೊಬ್ಬಳ ತಾಯಿ, ಕೆಂಪವ್ವ, ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಬಂದಳು. ಆ ಹುಡುಗಿಗೆ ಒಂದು ಕಡೆ ಕೂಡಲು ಆಗುವುದಿಲ್ಲ, ಮನಸ್ಸು ನಿಲ್ಲುವುದಿಲ್ಲ. ಅದಕ್ಕೆ ಗುಳಿಗೆ ಕೊಡುತ್ತಿದ್ದಾರೆ. "ಅಕ್ಕೋರ, ಮಧ್ಯಾಹ್ನದ ಊಟಾನ ಮಾಡವಲ್ಲಳು. ಗುಳಿಗಿ ಬಿಡಿಸಿಬಿಡಲೇನ್ರಿ? ನೀವು ಹೂಂ ಅಂದ್ರ ಬಿಡಸ್ತೇನಿ" ಎಂದಳು.

ನಾನು ಹೂಂ ಎಂದರೆ ಸಾಕಂತೆ! ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ನನ್ನ ಮಾತು ಕೇಳಬ್ಯಾಡವಾ. ಹಸಿವಿ ಇಲ್ಲ ಅನ್ನೋದನ್ನ ಡಾಕ್ಟರ ಮುಂದ ಹೇಳು" ಎಂದು, ಭಾಗಿಯ ಹೆಸರು ಹೇಳದೆ, ನಾನು ಮಾಡಿದ್ದನ್ನೆಲ್ಲ ಹೇಳಿದೆ. ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಆಕೆ ಕಣ್ಣು ಅರಳಿಸಿ, "ನೀವು ಕಲತಾಕಿ ಆಗಿ ಹಿಂಗ ಮಾಡಿದ್ರಿ?" ಎಂದಳು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ, ನಿಜವಾಗಿಯೂ ಅವಳಿಗೆ ತಿಳಿಯಲಿಲ್ಲ.

ಹೋದ ಮಂಗಳವಾರ ಅವರಿಬ್ಬರನ್ನು ಕರೆದುಕೊಂಡು ಜಮಖಂಡಿಗೆ ಬಂದಿದ್ದೆ. ನೀವೂ ಇದ್ದಿರಿ. ನೀನು ನನ್ನನ್ನು ನೋಡಲಿಲ್ಲ. ಭಾಗಿ ಎತ್ತರವಾಗಿದ್ದಾಳೆ. ಡಾಕ್ಟರು ಹೇಳಿಕೊಟ್ಟ ಅಭ್ಯಾಸವಿರಬೇಕು, ಬಾಗಿಲ ಹಿಡಿಕೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಬಿಟ್ಟು, ನಲ್ಲಿಯ ಕಡೆ ನೋಡಿದಳು. ಹೋಗಲಿಲ್ಲ. ನೀನು ಗಡಿಯಾರ ನೋಡುತ್ತಾ ಪಕ್ಕದಲ್ಲಿ ನಿಂತಿದ್ದೆ. ಅವಳ ಹಣೆಯ ಮೇಲೆ ಬೆವರಿತ್ತು. ಹೋಗಿ ತಬ್ಬಿಕೊಳ್ಳಬೇಕು ಅನಿಸಿತು. ನನ್ನನ್ನು ಕಂಡು ಅವಳು ನಲ್ಲಿಗೆ ಓಡಿದರೆ? ಕಂಬದ ಹಿಂದೆ ಸರಿದು, ನೀವು ಹೊರಗೆ ಹೋಗುವತನಕ ಅಲ್ಲೇ ನಿಂತೆ.

ಈ ಪತ್ರದೊಳಗೆ ಇನ್ನೊಂದು ಮಡಚಿದ ಚೀಟಿ ಇದೆ. ಭಾಗಿಗೆ. ಮೊದಲು ನೀನು ಓದು, ಡಾಕ್ಟರನ್ನು ಕೇಳು. ಕೊಡಬಹುದು ಅಂದರೆ ಕೊಡು. ಅದರಲ್ಲಿ ಇರುವುದು ಇಷ್ಟೇ: ತಪ್ಪು ದೊಡ್ಡವ್ವನದು, ನಿನ್ನದಲ್ಲ. ನನಗೆ ಅಂಜಿಕೆಯಾಗಿತ್ತು, ಆ ಅಂಜಿಕೆಯನ್ನು ನಿನ್ನ ಮೇಲೆ ಹೊರಿಸಿದೆ. ಅವ್ವನಿಗೆ ಸುಳ್ಳು ಹೇಳಿಸಿದವಳು ನಾನು. ಈ ರಜೆಗೆ ಮನಸ್ಸಾದರೆ ಬಾ.

ರಾಜಶ್ರೀ


ಬನಹಟ್ಟಿ
6 ಏಪ್ರಿಲ್ 2025

ದೊಡ್ಡವ್ವಗೆ ಭಾಗ್ಯಶ್ರೀ ಮಾಡುವ ನಮಸ್ಕಾರ.

ನಿನ್ನ ಚೀಟಿ ಅವ್ವ ಕೊಟ್ಟಳು. ನಾಲ್ಕು ಸಲ ಓದಿದೆ. ಐದನೆಯ ಸಲ ಓದಬೇಕು ಅನಿಸಿತು, ಆದರೆ ಅದು ನನ್ನ ಗೀಳು, ಅದಕ್ಕೇ ಓದಲಿಲ್ಲ. ಈಗ ನನಗೆ ಗುರುತು ಸಿಗುತ್ತದೆ. ರೇಷ್ಮಾ ಬಾಯಾರು ಚಿತ್ರ ಬರೆದು ತೋರಿಸಿದ್ದಾರೆ. ತಲೆಯಲ್ಲಿ ಅಪಾಯದ ಗಂಟೆಯೊಂದು ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ, ಗುಳಿಗೆ ಅದರ ಸಪ್ಪಳ ಸಣ್ಣದು ಮಾಡುತ್ತದೆ, ಓಡದೆ ನಿಲ್ಲುವುದನ್ನು ನಾನು ಕಲಿಯಬೇಕು. ಗುಳಿಗೆಯ ಹೆಸರು ನನಗೆ ಬರೆಯಲು ಬರುತ್ತದೆ. ಮುಂಜಾನೆ ನಾನೇ ತೆಗೆದುಕೊಳ್ಳುತ್ತೇನೆ. ಮೊದಲು ಹೊಟ್ಟೆ ತೊಳಸುತ್ತಿತ್ತು, ಈಗ ಇಲ್ಲ.

ಎಂಟನೆಯ ಇಯತ್ತೆ ಮತ್ತೆ ಕೂಡಬೇಕು. ನನ್ನ ಗೆಳತಿಯರು ಒಂಬತ್ತಕ್ಕೆ ಹೋಗುತ್ತಾರೆ. ಅದಕ್ಕೆ ಎರಡು ದಿನ ಅತ್ತೆ. ಎಡಗೈ ಬೆರಳು ಈಗ ಸ್ವಲ್ಪ ಮಡಚುತ್ತವೆ.

ನೀನು ಅಂಜಿದ್ದೆ ಎಂದು ಬರೆದಿದ್ದೀಯ. ಅವ್ವನೂ ಅಂಜಿದ್ದೆ ಅಂತಾಳೆ. ಅಪ್ಪನೂ ಅಂತಾನೆ. ದೊಡ್ಡವ್ವಾ, ಆಗ ನೀವೆಲ್ಲ ಗುಳಿಗೆಯ ಬಗ್ಗೆ ಅಂಗಡಿಯವರನ್ನು ಕೇಳಿದಿರಿ, ಡಾಕ್ಟರನ್ನು ಕೇಳಿದಿರಿ. ಅದನ್ನು ನುಂಗಿದರೆ ನಿನಗೆ ಹೇಗೆ ಅನಿಸುತ್ತದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಿನ್ನ ಮನೆಗೆ ಬಂದಾಗ ನನಗೆ ಛಲೋ ಅನಿಸುತ್ತಿತ್ತು. ನಿದ್ದೆ ಬರುತ್ತಿತ್ತು ಅಷ್ಟೇ. ಕೇಳಿದ್ದರೆ ಹೇಳುತ್ತಿದ್ದೆ.

ಈ ಸಲ ರಜೆಗೆ ಬರುವುದಿಲ್ಲ. ಸಿಟ್ಟಿಲ್ಲ. ನಿನ್ನ ನೆನಪಾಗುತ್ತದೆ, ಆದರೂ ಬರುವುದಿಲ್ಲ. ಯಾವಾಗ ಬರಬೇಕು ಎಂದು ನನಗೇ ಗೊತ್ತಾಗುತ್ತದೆ ಎಂದು ಬಾಯಾರು ಹೇಳಿದ್ದಾರೆ. ಗೊತ್ತಾದಾಗ ಬರೆಯುತ್ತೇನೆ.

ನಿನ್ನ
ಭಾಗ್ಯಶ್ರೀ